ಕಾಡಿಗೆ ಹೋಗುವಾಗ ಜೇಬಿನಲ್ಲಿ ಏನಿರಬೇಕು?

ಕಳೆದ ಡಿಸೆಂಬರಿನ ಒಂದು ಭಾನುವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಚಿಕಿತ್ಸಾಲಯದ ಮುಂದೆ ಒಂದು ಜೀಪು ಬಂದು ನಿಂತಿತು. ನಾಲ್ಕು ಜನ ಸೇರಿ ಒಬ್ಬ ಯುವಕನನ್ನು ಎತ್ತಿಕೊಂಡೇ ಒಳಗೆ ತಂದರು. ಮೈಗೆ ಎರಡು ಕಂಬಳಿ ಸುತ್ತಿತ್ತು. ತುಟಿ ನೀಲಿಗಟ್ಟಿತ್ತು. ಹೆಸರು ಕೇಳಿದರೆ ಉತ್ತರ ಬರುತ್ತಿತ್ತು, ಆದರೆ ಕುಡಿದವರ ಮಾತಿನಂತೆ ತೊದಲು. ಅದೂ ಪಿಸುಮಾತಿನಲ್ಲಿ, ಗಂಟಲು ಪೂರ್ತಿ ಕಟ್ಟಿಹೋಗಿತ್ತು. ನನ್ನ ಬಳಿ ಇನ್ನೂ ಹಳೆಯ ಪಾದರಸದ ಥರ್ಮಾಮೀಟರ್ ಇದೆ. ಅದರ ಗೆರೆಗಳು ಶುರುವಾಗುವುದೇ 94 ಡಿಗ್ರಿ ಫ್ಯಾರನ್‌ಹೀಟ್‌ನಿಂದ. ಮೂರು ನಿಮಿಷ ಇಟ್ಟರೂ ಪಾದರಸ ಮೊದಲ ಗೆರೆಯನ್ನು ದಾಟಲೇ ಇಲ್ಲ.

ನಮ್ಮದು ಘಟ್ಟದ ಬುಡದ ಊರು. ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಹುಡುಗರು ಬೆಟ್ಟ ಹತ್ತಲು ಬರುತ್ತಾರೆ. ಉಳುಕಿದ ಕಾಲು, ಬಿಸಿಲಿನ ತಲೆನೋವು, ಇಂಬಳ ಕಚ್ಚಿದ ಗಾಯ, ಇವು ನನಗೆ ವಾರದ ಮಾಮೂಲು. ಆದರೆ ನಮ್ಮ ಸೆಕೆಯ ಜಿಲ್ಲೆಯಲ್ಲಿ ಚಳಿಗೆ ಮೈ ತಣ್ಣಗಾದ ರೋಗಿಯನ್ನು ನೋಡಿದ್ದು ಅದೇ ಮೊದಲು.

ನಡೆದದ್ದು ಇಷ್ಟು. ಐದು ಜನ ಗೆಳೆಯರು ಶನಿವಾರ ಬೆಟ್ಟ ಹತ್ತಿ ಇಳಿಯುತ್ತಿದ್ದರು. ಈ ಹುಡುಗನಿಗೆ ಸುಸ್ತಾಗಿದೆ ಎಂದು ಗೆಳೆಯನೊಬ್ಬ ಅವನ ಬ್ಯಾಗನ್ನೂ ತಾನೇ ಹೆಗಲಿಗೆ ಹಾಕಿಕೊಂಡ. ಸಂಜೆ ಐದರ ಸುಮಾರಿಗೆ ಹುಡುಗ ಮೂತ್ರಕ್ಕೆಂದು ದಾರಿ ಬಿಟ್ಟು ಹತ್ತು ಹೆಜ್ಜೆ ಒಳಗೆ ಹೋದ. ಅಷ್ಟರಲ್ಲಿ ಮಂಜು ಕವಿಯಿತು. ತಿರುಗಿ ಬಂದದ್ದು ದಾರಿಗಲ್ಲ, ಕಾಡೆಮ್ಮೆಗಳು ತುಳಿದು ಮಾಡಿದ್ದ ಇನ್ನೊಂದು ಜಾಡಿಗೆ. ಮುಂದೆ ಹೋದವರು ಅವನು ಹಿಂದೆ ಬರುತ್ತಿದ್ದಾನೆ ಎಂದುಕೊಂಡರು. ಇವನು ಅವರು ಮುಂದೆ ಇದ್ದಾರೆ ಎಂದುಕೊಂಡ. ರಾತ್ರಿ ತುಂತುರು ಮಳೆ, ಮೇಲೆ ಬೋಳುಗುಡ್ಡದ ಗಾಳಿ. ಮೈಮೇಲೆ ಒಂದು ಹತ್ತಿಯ ಟೀ ಶರ್ಟು. ಜೇಬಿನಲ್ಲಿ ಬೈಕಿನ ಕೀಲಿ ಮತ್ತು ಬ್ಯಾಟರಿ ಮುಗಿದ ಮೊಬೈಲು.

ರಾತ್ರಿ ಹನ್ನೊಂದರ ಹೊತ್ತಿಗೆ ಅವನಿಗೆ ಎದುರಿನ ಏಣಿನಲ್ಲಿ ಟಾರ್ಚಿನ ಬೆಳಕು ಕಂಡಿತಂತೆ. ಊರಿನ ನಾಲ್ಕು ಜನರನ್ನು ಕರೆದುಕೊಂಡು ಗೆಳೆಯರು ಹುಡುಕುತ್ತಿದ್ದರು. ನಮ್ಮ ಕಡೆಯ ಜನ ‘ಕೂ’ ಹಾಕಿದ್ದೂ ಇವನಿಗೆ ಕೇಳಿಸಿತು. ಗಾಳಿ ಅತ್ತಲಿಂದ ಇತ್ತ ಬೀಸುತ್ತಿತ್ತು. ಇವನು ಗಂಟಲು ಹರಿಯುವಷ್ಟು ಕೂಗಿದ. ಗಾಳಿಗೆ ಎದುರಾಗಿ ಮನುಷ್ಯನ ಧ್ವನಿ ಎಷ್ಟು ದೂರ ಹೋದೀತು? ಅರ್ಧ ಗಂಟೆ ಅಲ್ಲೇ ಸುತ್ತಾಡಿದ ಬೆಳಕು ಮತ್ತೆ ಕೆಳಗೆ ಇಳಿದು ಹೋಯಿತು. ಬೆಳಿಗ್ಗೆ ಏಳಕ್ಕೆ ಅವರೇ ಮತ್ತೆ ಬಂದಾಗ ಅವನು ಸಿಕ್ಕಿದ್ದು ಆ ಜಾಗದಿಂದ ಕೂಗಳತೆಯಲ್ಲೇ.

ನಾನು ಅವನ ಒದ್ದೆ ಬಟ್ಟೆ ತೆಗೆಸಿ, ಒಣಗಿದ ಕಂಬಳಿ ಹೊದಿಸಿ, ಬಗಲಿಗೆ ಬಿಸಿನೀರಿನ ಚೀಲ ಇಟ್ಟೆ. ತೊದಲು ಕಡಿಮೆಯಾದ ಮೇಲೆ ಸಕ್ಕರೆ ಜಾಸ್ತಿ ಹಾಕಿದ ಬಿಸಿ ಚಹಾವನ್ನು ಗುಟುಕು ಗುಟುಕಾಗಿ ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ನಡುಕ ಬಂತು. ನಡುಕ ಬಂದದ್ದು ನನಗೆ ಸಮಾಧಾನ. ಚಳಿಯಲ್ಲಿ ನಡುಗುವುದು ದೇಹ ತನ್ನನ್ನು ತಾನು ಕಾಯಿಸಿಕೊಳ್ಳುವ ಉಪಾಯ. ಮೈ ಇನ್ನೂ ತಣ್ಣಗಿರುವಾಗಲೇ ನಡುಕ ನಿಂತುಹೋದರೆ ಆಗ ಹೆದರಬೇಕು.

ಸಂಜೆ ಅವನ ಗೆಳೆಯ ಬ್ಯಾಗಿನಿಂದ ಒಂದು ಕಿತ್ತಳೆ ಬಣ್ಣದ ಚಿಕ್ಕ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟ. ‘ಸರ್ವೈವಲ್ ಕಿಟ್ ಸರ್, ಆನ್‌ಲೈನ್‌ನಲ್ಲಿ ತರಿಸಿದ್ದ. ಇವನದ್ದೇ’ ಎಂದ. ತೆರೆದು ನೋಡಿದೆ. ಒಳಗೆ ತಗಡಿನಂತೆ ಹೊಳೆಯುವ ಹೊದಿಕೆ, ದಿಕ್ಸೂಚಿ, ಬೆಂಕಿ ಹೊತ್ತಿಸುವ ಕಡ್ಡಿ, ತಂತಿಯ ಗರಗಸ, ದಾರ ಸಹಿತ ಮೂರು ಗಾಳದ ಮುಳ್ಳು. ಮೂಲೆಯಲ್ಲಿ ಒಂದು ಸೀಟಿ. ರಾತ್ರಿಯಿಡೀ ಆ ಸೀಟಿ ಅವನನ್ನು ಹುಡುಕುವವರ ಹೆಗಲ ಮೇಲೆಯೇ ಇತ್ತು. ಆ ಗೆಳೆಯ ಅದನ್ನು ನೋಡಿ ತಲೆ ತಗ್ಗಿಸಿದ. ನಾನೂ ಏನೂ ಹೇಳಲಿಲ್ಲ.

ನಮ್ಮ ಕಂಪೌಂಡರಿಗೆ ಮಾತ್ರ ಗಾಳ ಕಂಡು ತಡೆಯಲಾಗಲಿಲ್ಲ. ‘ಇದು ಎಂತಕ್ಕೆ ಡಾಕ್ಟ್ರೆ? ಗುಡ್ಡೆಯ ತುದಿಯಲ್ಲಿ ಮೀನು ಎಲ್ಲುಂಟು ಮಾರಾಯ್ರೆ?’

ಬೇರೆ ದೇಶದ ಡಬ್ಬಿ

ಕಂಪೌಂಡರ ಪ್ರಶ್ನೆ ತಮಾಷೆಯಾದರೂ ಸರಿಯಾದ ಪ್ರಶ್ನೆ. ಈ ಡಬ್ಬಿಯ ಮೂಲ ಯುದ್ಧದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆ ತನ್ನ ವೈಮಾನಿಕರಿಗೆ ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಗಳನ್ನು ಕೊಡುತ್ತಿತ್ತು. ವಿಮಾನ ಉರುಳಿ ಶತ್ರುಗಳ ನಾಡಿನಲ್ಲಿ ಬಿದ್ದರೆ ತಪ್ಪಿಸಿಕೊಂಡು ಬರುವವರೆಗೆ ಜೀವ ಹಿಡಿದಿಡಲು ಹಾರ್ಲಿಕ್ಸ್ ಮಾತ್ರೆ, ನೀರು ಶುದ್ಧ ಮಾಡುವ ಮಾತ್ರೆ, ದಿಕ್ಸೂಚಿ ಇತ್ಯಾದಿ. ಮುಂದೆ 1986ರಲ್ಲಿ ಬ್ರಿಟನ್ನಿನ ಎಸ್.ಎ.ಎಸ್. ಪಡೆಯಲ್ಲಿದ್ದ ಜಾನ್ ವೈಸ್‌ಮನ್ ತಮ್ಮ ಪುಸ್ತಕದಲ್ಲಿ ತಂಬಾಕಿನ ತಗಡಿನ ಡಬ್ಬಿಯೊಂದರಲ್ಲಿ ಏನೇನು ತುಂಬಿಕೊಳ್ಳಬಹುದು ಎಂದು ವಿವರವಾಗಿ ಬರೆದರು. ಗಾಳ, ಉರುಲಿನ ತಂತಿ, ಬೆಂಕಿಕಡ್ಡಿ, ಮೇಣದ ಬತ್ತಿ ಎಲ್ಲವೂ ಅದರಲ್ಲಿದ್ದವು. ಇಂದು ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಹೆಚ್ಚಿನವು ಅದೇ ಜಾಡಿನವು. ವಾರಗಟ್ಟಲೆ ಮನುಷ್ಯರ ಮುಖ ಕಾಣದ ಜಾಗಕ್ಕೆ, ಹಸಿವಿಗೆ, ಶತ್ರುವಿನಿಂದ ಅಡಗಿ ಕೂರುವುದಕ್ಕೆ ಅವು ಸರಿ.

ನಮ್ಮ ಪಶ್ಚಿಮ ಘಟ್ಟದಲ್ಲಿ ದಾರಿ ತಪ್ಪಿದವನು ಸಾಮಾನ್ಯವಾಗಿ ಒಂದು ರಾತ್ರಿ, ಹೆಚ್ಚೆಂದರೆ ಎರಡು ದಿನ ಹೊರಗಿರುತ್ತಾನೆ. ಎರಡು ದಿನ ಊಟವಿಲ್ಲದಿದ್ದರೆ ಆರೋಗ್ಯವಂತ ಯಾರೂ ಸಾಯುವುದಿಲ್ಲ. ಏಕಾದಶಿ ಮಾಡುವ ನಮ್ಮ ಅಜ್ಜಿಯರನ್ನು ಕೇಳಿ. ಅಪಾಯ ಬರುವುದು ನೀರಿನಿಂದ, ಚಳಿಯಿಂದ, ಬಿದ್ದ ಪೆಟ್ಟಿನಿಂದ, ಹಾವು ಹೆಜ್ಜೇನುಗಳಿಂದ, ಮತ್ತು ಹತ್ತಿರವೇ ಇರುವ ಜನರಿಗೆ ನಾವು ಕಾಣದೆ ಹೋಗುವುದರಿಂದ. ಅಡಗುವುದಲ್ಲ, ಕಾಣಿಸಿಕೊಳ್ಳುವುದು ನಮ್ಮ ಕೆಲಸ.

ಕಾನೂನಿನ ಮಾತೂ ಇದೆ. ಅಭಯಾರಣ್ಯದಲ್ಲಿ ಉರುಲು ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧಿ. ಬೆಂಕಿ ಹಾಕುವುದಂತೂ ಬೇಡವೇ ಬೇಡ. ಡಿಸೆಂಬರಿನಿಂದ ಮೇವರೆಗೆ ನಮ್ಮ ಬೋಳುಗುಡ್ಡಗಳ ಹುಲ್ಲು ಒಣಗಿ ನಿಂತಿರುತ್ತದೆ. ಚಳಿ ಕಾಯಿಸಲು ಹಚ್ಚಿದ ಬೆಂಕಿ ಗಾಳಿಗೆ ಹಬ್ಬಿದರೆ ಹಚ್ಚಿದವನೇ ಮೊದಲು ಸುಟ್ಟುಹೋಗುತ್ತಾನೆ. ಆ ಡಬ್ಬಿಯಿಂದ ನಾನು ಗಾಳ, ಗರಗಸ, ಬೆಂಕಿಕಡ್ಡಿ ಮೂರನ್ನೂ ತೆಗೆದು ಬದಿಗಿಟ್ಟೆ. ಉಳಿದ ಜಾಗದಲ್ಲಿ ಏನು ಹಾಕಬಹುದೆಂದು ಹುಡುಗರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜನ ಸಂಚಿ

ಮೊದಲು ಡಬ್ಬಿಯ ಜಾಗದ ವಿಚಾರ. ನನ್ನ ಅಜ್ಜ ತೋಟಕ್ಕೆ, ಕಾಡಿಗೆ ಹೊರಟರೆ ಸೊಂಟಕ್ಕೆ ಎಲೆಯಡಿಕೆಯ ಸಂಚಿ ಸಿಕ್ಕಿಸಿಕೊಳ್ಳುತ್ತಿದ್ದರು. ಅದರಲ್ಲಿ ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅಡಕತ್ತರಿ, ಒಂದು ಬೆಂಕಿಪೊಟ್ಟಣ, ಒಂದು ತುಂಡು ಬೆಲ್ಲ. ಸುಣ್ಣ, ಹೊಗೆಸೊಪ್ಪು ಇಂಬಳಕ್ಕೂ ಆಯಿತು, ಬಾಯಿಗೂ ಆಯಿತು. ಹೆಗಲ ಮೇಲೊಂದು ಬೈರಾಸು. ಹೊಳೆಗೆ ಬಿದ್ದರೂ ಸಂಚಿ ಸೊಂಟದಲ್ಲೇ ಇರುತ್ತಿತ್ತು. ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ಆ ಹೊಗೆಸೊಪ್ಪನ್ನು ವೈದ್ಯನಾಗಿ ನಾನು ಹೊಗಳುವಂತಿಲ್ಲ. ಆದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಬುದ್ಧಿ ಮಾತ್ರ ದೊಡ್ಡದು. ಬ್ಯಾಗು ಕೈತಪ್ಪಬಹುದು, ಬೇರೆಯವರ ಹೆಗಲೇರಬಹುದು, ಬಂಡೆಯಿಂದ ಉರುಳಬಹುದು. ಪ್ಯಾಂಟಿನ ಜೇಬು ಹಾಗೆ ಬಿಟ್ಟುಹೋಗುವುದಿಲ್ಲ.

ಇದಕ್ಕೆ ದುಬಾರಿ ಡಬ್ಬಿ ಬೇಕಿಲ್ಲ. ಪ್ರಯಾಣದಲ್ಲಿ ಒಯ್ಯುವ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ಸಾಕು. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಎರಡು ರಬ್ಬರು ಬಳೆ ಹಾಕಿದರೆ ಮುಚ್ಚಳ ತೆರೆದುಕೊಳ್ಳುವುದಿಲ್ಲ. ಔಷಧಿಗಳನ್ನು ಮಾತ್ರ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಿ, ನಮ್ಮ ಮಳೆಗೆ ಯಾವ ಡಬ್ಬಿಯೂ ನಂಬಿಕೆಯದ್ದಲ್ಲ.

ಸೀಟಿ ಡಬ್ಬಿಯೊಳಗೆ ಬೇಡ. ಅದು ದಾರ ಕಟ್ಟಿಕೊಂಡು ಕೊರಳಲ್ಲೇ ಇರಲಿ. ಶಾಲೆಯ ಪಿ.ಟಿ. ಮಾಸ್ತರರ ಸೀಟಿ ಮೈದಾನದ ಆಚೆ ತುದಿಗೆ ಹೇಗೆ ಕೇಳುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಅದರ ಕೀರಲು ಸ್ವರ ಗಾಳಿ ಮಳೆಯ ಮೊರೆತದಲ್ಲೂ ಬೇರೆಯಾಗಿ ಕೇಳುತ್ತದೆ. ಊದಲು ಗಂಟಲು ಬೇಕಿಲ್ಲ, ಉಸಿರು ಸಾಕು. ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಲೋಹದ ಸೀಟಿಗಿಂತ ಪ್ಲಾಸ್ಟಿಕ್ಕಿನದೇ ವಾಸಿ, ಒಳಗೆ ಗುಂಡು ಇಲ್ಲದ್ದಾದರೆ ಇನ್ನೂ ಉತ್ತಮ. ನೀರು ತುಂಬಿದರೂ ಸಿಕ್ಕಿಕೊಳ್ಳುವುದಿಲ್ಲ. ಜೊತೆಗೆ ಹೆಬ್ಬೆರಳ ಗಾತ್ರದ ಎಲ್.ಇ.ಡಿ. ಟಾರ್ಚು. ಮೊಬೈಲಿನಲ್ಲೇ ಟಾರ್ಚಿದೆಯಲ್ಲ ಎನ್ನಬೇಡಿ. ಮೊಬೈಲಿನ ಬ್ಯಾಟರಿ ಅದಕ್ಕಿಂತ ದೊಡ್ಡ ಕೆಲಸಕ್ಕೆ ಬೇಕು.

2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಜಾರಿ ಬಿದ್ದು ಬಂಡೆಗಳ ನಡುವೆ ಸಿಕ್ಕಿಕೊಂಡ. ಅವನು ತಾನಿರುವ ಜಾಗವನ್ನು ಮೊಬೈಲಿನಿಂದ ಪೊಲೀಸರಿಗೆ ಕಳಿಸಿದ್ದರಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಅವನನ್ನು ಎತ್ತಿಕೊಂಡು ಹೋಯಿತು. ಹಾಗಾಗಿ ಫೋಟೊ, ಹಾಡು ಎಂದು ಬ್ಯಾಟರಿ ಖಾಲಿ ಮಾಡಬೇಡಿ. ಸಿಗ್ನಲ್ ಇಲ್ಲದ ಕಡೆ ಮೊಬೈಲು ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ. ಅಂತಹ ಕಡೆ ಏರೋಪ್ಲೇನ್ ಮೋಡಿಗೆ ಹಾಕಿ, ಎತ್ತರದ ಜಾಗದಲ್ಲಿ ಮಾತ್ರ ತೆರೆದು ನೋಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಇರುತ್ತದೆ. ಪ್ರಯತ್ನಿಸದೆ ಬಿಡಬೇಡಿ.

ಚಳಿ ಎಂದರೆ ಹಿಮಾಲಯ ಮಾತ್ರವೇ?

ಸಮುದ್ರ ಮಟ್ಟದಿಂದ ಮೇಲೇರಿದಂತೆ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣಾಂಶ ಇಳಿಯುತ್ತದೆ. ಕುಮಾರ ಪರ್ವತದ ಎತ್ತರ 1,712 ಮೀಟರು. ಕೆಳಗೆ ಸುಬ್ರಹ್ಮಣ್ಯದಲ್ಲಿ ಬೆವರು ಒರೆಸಿಕೊಳ್ಳುತ್ತಿರುವಾಗ ತುದಿಯಲ್ಲಿ ಹಲ್ಲು ಕಟಕಟ ಎನ್ನಬಹುದು. ಅದಕ್ಕೆ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಕಥೆ ಮುಗಿಯಿತು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ದೇಹದೊಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್, ಅಂದರೆ 95 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಅದನ್ನು ಹೈಪೊಥರ್ಮಿಯಾ ಎನ್ನುತ್ತೇವೆ. ಹಿಮ ಬೀಳಬೇಕೆಂದೇನೂ ಇಲ್ಲ. ಮೊದಲು ನಡುಕ, ಆಮೇಲೆ ಕೈಬೆರಳು ಹೇಳಿದಂತೆ ಕೇಳುವುದಿಲ್ಲ, ಆಮೇಲೆ ತೊದಲು, ಎಡವು. ಕೊನೆಗೆ ಬುದ್ಧಿಯೇ ಮಂಕಾಗಿ ‘ನನಗೇನೂ ಆಗಿಲ್ಲ, ಸ್ವಲ್ಪ ಮಲಗುತ್ತೇನೆ’ ಎನ್ನುತ್ತಾರೆ. ತನಗೆ ಚಳಿ ಹಿಡಿದಿದೆ ಎಂಬುದು ಅವರಿಗೇ ತಿಳಿಯುವುದಿಲ್ಲ. ಇದು ಈ ಸ್ಥಿತಿಯ ದೊಡ್ಡ ಮೋಸ.

ಕಿತ್ತಳೆ ಡಬ್ಬಿಯಲ್ಲಿದ್ದ ಆ ಹೊಳೆಯುವ ಹೊದಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1964ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಬಾಹ್ಯಾಕಾಶದ ಕೆಲಸಕ್ಕೆಂದು ರೂಪಿಸಿದ ವಸ್ತು ಅದು. ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಲೋಹದ ಲೇಪ. ಮಡಿಸಿದರೆ ಕರವಸ್ತ್ರದಷ್ಟು. ಅದು ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿಯನ್ನು ಹಿಂದಕ್ಕೆ ತಿರುಗಿಸುತ್ತದೆ ಮತ್ತು ಗಾಳಿ, ಮಳೆ ತಡೆಯುತ್ತದೆ. ಅದು ಸಿಗದಿದ್ದರೆ ಕಸಕ್ಕೆ ಬಳಸುವ ದೊಡ್ಡ ಕಪ್ಪು ಪ್ಲಾಸ್ಟಿಕ್ ಚೀಲ ಎರಡು ಸಾಕು. ತಲೆ ತೂರುವಷ್ಟು ತೂತು ಮಾಡಿ ಅಂಗಿಯಂತೆ ಹಾಕಿಕೊಳ್ಳಿ, ಇನ್ನೊಂದರಲ್ಲಿ ಕಾಲು ತೂರಿಸಿ. ಮೂಗು ಬಾಯಿ ಮಾತ್ರ ಹೊರಗಿರಲಿ. ಮಲೆನಾಡಿನ ಗೊರಬು, ಕಂಬಳಿಕೊಪ್ಪೆಗಳ ಬುದ್ಧಿಯೇ ಇದು. ಬೆನ್ನು ಒದ್ದೆಯಾಗದಿದ್ದರೆ ಅರ್ಧ ಗೆದ್ದಂತೆ. ನೆಲಕ್ಕೆ ತರಗೆಲೆಯನ್ನು ದಪ್ಪಗೆ ಹಾಸಿ ಕೂರಬೇಕು, ಬರಿಯ ಬಂಡೆ ಬಿಸಿಯನ್ನು ಹೀರುತ್ತದೆ. ಬ್ರಾಂಡಿ ಕುಡಿದರೆ ಬೆಚ್ಚಗಾಗುತ್ತದೆ ಎಂಬುದು ಸುಳ್ಳು. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗಾದಂತೆ ತೋರುತ್ತದೆ, ಒಳಗಿನ ಬಿಸಿ ಹೊರಗೆ ಹರಿದು ಹೋಗುತ್ತದೆ.

ನನ್ನ ಮಾತಿಗೂ ಒಂದು ಮಿತಿ ಇದೆ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ನಾಲ್ಕು ಸಾವಿರ ಮೀಟರಿಗೂ ಮೇಲಿನ ಆ ಚಳಿಗೆ ಜೇಬಿನ ಡಬ್ಬಿ ಉತ್ತರವಾಗುತ್ತಿತ್ತು ಎಂದು ನಾನು ಹೇಳಲಾರೆ. ಅಲ್ಲಿಗೆ ಬೇರೆಯೇ ಬಟ್ಟೆ, ಬೇರೆಯೇ ಸಿದ್ಧತೆ, ಹವಾಮಾನ ಕೆಟ್ಟರೆ ಹಿಂದಿರುಗುವ ಮನಸ್ಸು ಬೇಕು. ನಮ್ಮ ಗುಡ್ಡಗಳ ಅನುಭವವನ್ನು ನೆಚ್ಚಿ ಅಲ್ಲಿಗೆ ಹೋಗಬಾರದು.

ನೀರು, ಉಪ್ಪು, ಸಕ್ಕರೆ

ಓ.ಆರ್.ಎಸ್. ಪುಡಿ 200 ಮಿಲಿಲೀಟರ್ ನೀರಿಗೆ ಸಾಕಾಗುವ ಸಣ್ಣ ಪೊಟ್ಟಣಗಳಲ್ಲೂ ಸಿಗುತ್ತದೆ. ಅಂಥವು ನಾಲ್ಕಿರಲಿ. ದೊಡ್ಡ ಪೊಟ್ಟಣ ಒಡೆದರೆ ಒಂದು ಲೀಟರ್ ನೀರು ಬೇಕು, ಗುಡ್ಡದಲ್ಲಿ ಅಷ್ಟು ನೀರು ಇರುವುದಿಲ್ಲವೆಂದು ಕಡಿಮೆ ನೀರಿಗೆ ಸುರಿಯುವವರಿದ್ದಾರೆ. ಉಪ್ಪು ಹೆಚ್ಚಾದ ಓ.ಆರ್.ಎಸ್. ಒಳಿತಿಗಿಂತ ಕೇಡನ್ನೇ ಮಾಡುತ್ತದೆ. ಹೆಸರು ಓ.ಆರ್.ಎಸ್. ಎಂದಿದ್ದರೂ ಒಳಗೆ ಬರೀ ಸಿಹಿ ಪಾನೀಯ ಇದ್ದ ಪೆಟ್ಟಿಗೆಗಳೂ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥವುಗಳಿಗೆ ಆ ಹೆಸರು ಬಳಸುವುದನ್ನು ತಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿಯನ್ನೇ ಕೇಳಿ ತನ್ನಿ.

ಬೆಟ್ಟದ ತೊರೆಯ ನೀರು ಕನ್ನಡಿಯಂತೆ ಇರುತ್ತದೆ, ಕುಡಿದರೆ ಸಿಹಿಯಾಗಿಯೂ ಇರುತ್ತದೆ. ಮೇಲೆ ದನವೋ ಕಡವೆಯೋ ಸತ್ತು ಬಿದ್ದದ್ದು, ಮನುಷ್ಯರು ಗಲೀಜು ಮಾಡಿದ್ದು ಕೆಳಗೆ ಕುಡಿಯುವವರಿಗೆ ಕಾಣುವುದಿಲ್ಲ. ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ ಡಬ್ಬಿಯಲ್ಲಿರಲಿ. ನೀರನ್ನು ಬೈರಾಸಿನಲ್ಲಿ ಸೋಸಿ, ಮಾತ್ರೆ ಹಾಕಿ, ಅರ್ಧ ಗಂಟೆ ಕಾಯಬೇಕು. ಒಂದು ಮಾತ್ರೆ ಎಷ್ಟು ಲೀಟರಿಗೆ ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬೇರೆ. ಒಂದು ಲೀಟರಿನದೂ ಇದೆ, ಇಪ್ಪತ್ತು ಲೀಟರಿನದೂ ಇದೆ. ಓದಿಯೇ ತನ್ನಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬೆಳಿಗ್ಗೆ ಔಷಧಿ ತೆಗೆದುಕೊಂಡು, ಅರೆಹೊಟ್ಟೆಯಲ್ಲಿ ನಾಲ್ಕು ಗಂಟೆ ಹತ್ತಿದರೆ ರಕ್ತದ ಸಕ್ಕರೆ ಕುಸಿದು ತಲೆ ತಿರುಗಿ ಬೀಳುತ್ತಾರೆ. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿ, ಕಲ್ಲುಸಕ್ಕರೆ ಅಥವಾ ಬೆಲ್ಲ ಇರಲೇಬೇಕು. ಬೆವರು, ಕೈನಡುಕ ಶುರುವಾದ ಕೂಡಲೇ ಬಾಯಿಗೆ ಹಾಕಿಕೊಳ್ಳಿ, ‘ನನಗೆ ಸಿಹಿ ಆಗದು’ ಎಂಬ ಪಥ್ಯ ಆ ಗಳಿಗೆಗಲ್ಲ. ಉಬ್ಬಸದವರಿಗೆ ಇನ್‌ಹೇಲರ್ ಕೂಡ ಹಾಗೆಯೇ, ಬ್ಯಾಗಿನಲ್ಲಲ್ಲ, ಜೇಬಿನಲ್ಲಿ.

ನಲ್ವತ್ತು ದಾಟಿದವರಿಗೆ, ಅಂದರೆ ನನ್ನ ವಯಸ್ಸಿನವರಿಗೆ, ಇನ್ನೊಂದು ಮಾತು. ವರ್ಷವಿಡೀ ಕುರ್ಚಿಯಲ್ಲಿ ಕುಳಿತು ಒಂದು ದಿನ ಬೆಟ್ಟ ಹತ್ತುವವರಿಗೆ ಎದೆ ಬಿಗಿದು, ಎಡತೋಳಿಗೋ ದವಡೆಗೋ ನೋವು ಹರಡಿ, ಬೆವರು ಕಿತ್ತು ಬಂದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. 300ರಿಂದ 325 ಮಿಲಿಗ್ರಾಮಿನ ಒಂದು ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಿ, ನಡೆಯದೆ ಕುಳಿತು, ಹೊತ್ತು ಇಳಿಸುವವರನ್ನು ಕರೆಸಬೇಕು. ಆಸ್ಪಿರಿನ್ ಆಗದವರು, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದವರು ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಳ್ಳಿ. ಮೈಕೈ ನೋವಿಗೆ, ಜ್ವರಕ್ಕೆ ಮಾತ್ರ ಆ ಮಾತ್ರೆ ಬೇಡ, ಅದಕ್ಕೆ ಪ್ಯಾರಾಸಿಟಮಾಲ್ ಇದೆ.

ಹಾವಿಗೆ ಡಬ್ಬಿಯಲ್ಲಿ ಏನಿಡಬೇಕು?

ಎಲ್ಲರೂ ಕೇಳುವ ಪ್ರಶ್ನೆ. ಉತ್ತರ: ಒಂದು ಪೆನ್ಸಿಲ್.

ನನ್ನ ತಂದೆ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಅಲ್ಲಿಯ ಬಂಗಲೆಯಲ್ಲಿ ಬೆರಳುದ್ದದ ಒಂದು ಮರದ ನಳಿಗೆ ಇತ್ತು. ಒಂದು ತುದಿಯಲ್ಲಿ ಪುಟ್ಟ ಚೂರಿ, ಇನ್ನೊಂದು ತುದಿಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು. ಲಾಡರ್ ಬ್ರಂಟನ್ ಎಂಬ ಬ್ರಿಟಿಷ್ ವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಚಾರಕ್ಕೆ ತಂದ ಸಾಧನ ಅದು. ಹಾವು ಕಚ್ಚಿದ ಜಾಗವನ್ನು ಸೀಳಿ ಹರಳು ಉಜ್ಜಬೇಕೆಂಬುದು ವಿಧಾನ. ಹುಡುಗನಾಗಿದ್ದಾಗ ನನಗೆ ಅದೊಂದು ಮಂತ್ರದಂಡ. ವೈದ್ಯಕೀಯ ಓದಲು ಹೋದ ಮೇಲೆ ಗೊತ್ತಾಯಿತು, ಅದರಿಂದ ವಿಷ ಹೋಗುವುದಿಲ್ಲ, ಹೋಗುವುದು ರಕ್ತ ಮತ್ತು ಮಾಂಸ. ಅದಕ್ಕಿಂತ ನಾಚಿಕೆಯ ಸಂಗತಿ, ಇಂದಿಗೂ ಅಂಗಡಿಯ ಕೆಲವು ಕಿಟ್ಟುಗಳಲ್ಲಿ ಬ್ಲೇಡು ಮತ್ತು ವಿಷ ಹೀರುವ ರಬ್ಬರು ಬುರುಡೆ ಇರುತ್ತವೆ.

ಸೀಳಬೇಡಿ, ಹೀರಬೇಡಿ, ಬಿಗಿಯಾಗಿ ದಾರ ಕಟ್ಟಬೇಡಿ. ಕೊಳಕುಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋಗಿರುತ್ತದೆ, ಸೀಳಿದರೆ ನಿಲ್ಲುವುದಿಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದ್ದೂ ಅದಕ್ಕೇ. ಉಂಗುರ, ಗಡಿಯಾರ, ಕಾಲುಂಗುರ ತೆಗೆಯಿರಿ, ಬಾವು ಬಂದ ಮೇಲೆ ಬರುವುದಿಲ್ಲ. ಮುರಿದ ಮೂಳೆಗೆ ಕಟ್ಟುವಂತೆ ಕೋಲು, ಬೈರಾಸು ಹಾಕಿ ಕಾಲನ್ನು ಅಲುಗದಂತೆ ಮಾಡಿ, ಹೊತ್ತುಕೊಂಡು ಇಳಿಸಿ. ಪೆನ್ಸಿಲಿನಿಂದ ಕಚ್ಚಿದ ಸಮಯ ಬರೆದಿಡಿ, ಬಾವು ಎಲ್ಲಿಯವರೆಗೆ ಬಂದಿದೆ ಎಂದು ಆಗಾಗ ಚರ್ಮದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಆಸ್ಪತ್ರೆಯಲ್ಲಿ ನಮಗೆ ಆ ಗೆರೆಗಳು ಬಹಳ ಹೇಳುತ್ತವೆ.

‘ಡಾಕ್ಟ್ರೆ, ಹಾವಿನ ಇಂಜೆಕ್ಷನ್ ಒಂದು ಕೊಟ್ಟಿಡಿ, ಜೇಬಲ್ಲಿರಲಿ’ ಎನ್ನುವವರೂ ಇದ್ದಾರೆ. ಒಂದರಿಂದ ಆಗುವುದಿಲ್ಲ. ಮೊದಲ ಸುತ್ತಿಗೇ 8ರಿಂದ 10 ವಯಲ್ ರಕ್ತನಾಳಕ್ಕೆ ಕೊಡಬೇಕು. ಕೊಡುವಾಗ ಕೆಲವರಿಗೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡ ಕುಸಿಯುತ್ತದೆ, ಅದನ್ನು ಎದುರಿಸಲು ಆಸ್ಪತ್ರೆಯೇ ಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ. ಚಾರಣಿಗರು ಅದರಲ್ಲಿ ತೀರ ಕಡಿಮೆ. ಬಹುಪಾಲು ರೈತರು, ಕೂಲಿಗಳು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ತೋಟಕ್ಕೆ ಹೋಗುವವರ ಜೇಬಿನಲ್ಲೂ ಆ ಪೆನ್ಸಿಲ್ ಇರಬಾರದೆಂದೇನಿಲ್ಲ.

ಹೆಜ್ಜೇನಿನ ದಾಳಿಗೂ ಜೇಬಿನ ಔಷಧಿಗಿಂತ ಕಾಲೇ ದೊಡ್ಡ ಔಷಧಿ. ಕೈ ಬೀಸದೆ, ಮುಖ ಮುಚ್ಚಿ ಓಡಬೇಕು. ಆಮೇಲೆ ಉಗುರಿನಿಂದ ಕೊಂಡಿಗಳನ್ನು ಬೇಗ ಕೆರೆದು ತೆಗೆಯಿರಿ. ಸೆಟಿರಿಜಿನ್ ಮಾತ್ರೆ ತುರಿಕೆ, ದದ್ದು ಇಳಿಸುತ್ತದೆ, ಅಷ್ಟೆ. ಉಸಿರು ಕಟ್ಟಿದರೆ, ನಾಲಿಗೆ ಊದಿದರೆ, ತಲೆ ತಿರುಗಿದರೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ಹಿಂದೆ ಒಮ್ಮೆ ಹಾಗೆ ಆಗಿದ್ದವರು ಕಾಡಿಗೆ ಹೋಗುವ ಮೊದಲು ವೈದ್ಯರೊಡನೆ ಈ ಬಗ್ಗೆ ಮಾತನಾಡಲೇಬೇಕು.

ಉಣುಗು, ಇಂಬಳ ಮತ್ತು ಒಂದು ಚೀಟಿ

ಮಳೆಗಾಲದ ಇಂಬಳಕ್ಕೆ ಜನ ಹೆದರುವುದು ಹೆಚ್ಚು, ಅದರಿಂದ ಆಗುವ ಕೇಡು ಕಡಿಮೆ. ಒಂದು ಚಿಟಿಕೆ ಉಪ್ಪು ಸಾಕು, ತಾನೇ ಬೀಳುತ್ತದೆ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಬಟ್ಟೆಯಿಂದ ಒತ್ತಿ ಹಿಡಿದು ಬ್ಯಾಂಡೇಜು ಪಟ್ಟಿ ಹಚ್ಚಿ.

ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಅದರ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಚಾರಣದ ಕಾಲ. ಆ ಭಾಗಕ್ಕೆ ಹೋಗುವವರು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳಬೇಕು, ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಸುಳಿಯಬಾರದು. ಡಬ್ಬಿಯಲ್ಲಿ ಚೂಪು ಮೂತಿಯ ಚಿಮಟ ಇರಲಿ. ಕಚ್ಚಿ ಕುಳಿತ ಉಣುಗನ್ನು ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ.

ಮನೆಗೆ ಬಂದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಮೈನೋವು ಬಂದರೆ ನಿಮ್ಮ ವೈದ್ಯರಿಗೆ ‘ನಾನು ಕಾಡಿಗೆ ಹೋಗಿದ್ದೆ’ ಎಂದು ಹೇಳಿ. ಬೆಂಗಳೂರಿನ ವೈದ್ಯರಿಗೆ ನೀವು ಹೇಳದೆ ಇದು ಹೊಳೆಯಲಿಕ್ಕಿಲ್ಲ. ಹಳ್ಳ, ಕೆಸರು ದಾಟಿದವರಿಗೆ ಬರುವ ಇಲಿ ಜ್ವರಕ್ಕೂ ಇದೇ ಮಾತು.

ಇನ್ನು ಉಳಿದದ್ದು ಸಣ್ಣಪುಟ್ಟದ್ದು. ಕಾಲು ಉಳುಕಿದರೆ ಸುತ್ತಲು ಒಂದು ಕ್ರೇಪ್ ಬ್ಯಾಂಡೇಜು, ಎರಡು ಪಿನ್ನು. ನೂರರ ನೋಟು ಐದಾರು. ಟವರ್ ಇಲ್ಲದ ಊರಿನಲ್ಲಿ ಜೀಪಿನವನಿಗೆ ಮೊಬೈಲಿನಿಂದ ದುಡ್ಡು ಕೊಡಲಾಗದು. ಒಂದು ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ, ಆಗದ ಔಷಧಿ, ಮನೆಯ ಫೋನ್ ನಂಬರು. ಅಂತಹದೇ ಇನ್ನೊಂದು ಚೀಟಿ ಮನೆಯಲ್ಲಿ: ಯಾವ ಬೆಟ್ಟ, ಯಾವ ದಾರಿ, ಎಷ್ಟು ಗಂಟೆಯೊಳಗೆ ಫೋನ್ ಬಾರದಿದ್ದರೆ ಯಾರಿಗೆ ತಿಳಿಸಬೇಕು. ಮಕ್ಕಳನ್ನು ಚಾರಣಕ್ಕೆ ಕಳಿಸುವ ತಂದೆತಾಯಿಗಳು ಇದನ್ನು ಬರೆಸಿಕೊಳ್ಳದೆ ಬಾಗಿಲು ದಾಟಲು ಬಿಡಬಾರದು. ಮಾತ್ರೆಗಳ ಅವಧಿ ಮುಗಿಯುತ್ತದೆ, ಓ.ಆರ್.ಎಸ್. ತೇವ ಹಿಡಿದು ಗಟ್ಟಿಯಾಗುತ್ತದೆ, ಟಾರ್ಚಿನ ಸೆಲ್ಲು ಸೋರುತ್ತದೆ. ನಾನು ನನ್ನ ಡಬ್ಬಿಯನ್ನು ಪ್ರತಿ ವರ್ಷ ಆಯುಧಪೂಜೆಯ ದಿನ ಬಿಚ್ಚಿ ಹೊಸದಾಗಿ ತುಂಬುತ್ತೇನೆ. ಸ್ಟೆತಾಸ್ಕೋಪಿನ ಪಕ್ಕ ಅದಕ್ಕೂ ಒಂದು ಕುಂಕುಮದ ಬೊಟ್ಟು.

ಆ ಹುಡುಗ ಫೆಬ್ರುವರಿಯಲ್ಲಿ ಮತ್ತೆ ಬಂದಿದ್ದ, ಈ ಸಲ ಕೊರಳಲ್ಲಿ ಸೀಟಿ ಹಾಕಿಕೊಂಡು. ಬದಿಗಿಟ್ಟಿದ್ದ ಗರಗಸವನ್ನೂ ಬೆಂಕಿಕಡ್ಡಿಯನ್ನೂ ವಾಪಸು ಕೊಡಹೋದರೆ ಬೇಡವೆಂದ. ಗಾಳವನ್ನು ನಮ್ಮ ಕಂಪೌಂಡರು ಆಗಲೇ ಮನೆಗೆ ಒಯ್ದಿದ್ದರು. ಅವರ ತೋಟದ ಕೆರೆಯಲ್ಲಿ ಮೂರು ಭಾನುವಾರ ಹಾಕಿ ಕುಳಿತರಂತೆ. ‘ಫಾರಿನ್ ಗಾಳ ಡಾಕ್ಟ್ರೆ, ನಮ್ಮ ಮೀನಿಗೆ ಅರ್ಥ ಆಗುವುದಿಲ್ಲ’ ಎಂದರು.